ಬೈಸಿಕೊಂಡ ಆಲ್ಬಮ್ಮಿನ ಪರವಾಗಿ ಒಂದು ವಕಾಲತ್ತು

ಪ್ರೋಗ್ರೆಸ್ಸಿವ್ ರಾಕ್ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಬೇಕು ಅಂದುಕೊಂಡರೆ ಅವರ ಕೈಗೆ ಸುಲಭವಾಗಿ ಸಿಗುವ ಕಲ್ಲು ಒಂದಿದೆ. ಅದರ ಹೆಸರು 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್'. ಯೆಸ್ ಅನ್ನುವ ಇಂಗ್ಲಿಷ್ ತಂಡ 1973ರ ಡಿಸೆಂಬರಿನಲ್ಲಿ ಹೊರತಂದ ಜೋಡಿ ಎಲ್‌ಪಿ. ನಾಲ್ಕು ಬದಿ, ನಾಲ್ಕೇ ಹಾಡು. ಒಂದೊಂದು ಹಾಡೂ ಸುಮಾರು ಇಪ್ಪತ್ತು ನಿಮಿಷ. "ಅತಿಯಾಯ್ತು", "ದುರಹಂಕಾರ", "ಇದಕ್ಕೇ ಪಂಕ್ ಹುಟ್ಟಿದ್ದು" ಅಂತೆಲ್ಲ ಬರೆದವರ ಪಟ್ಟಿ ಮಾಡಲು ಕೂತರೆ ಅದೂ ಒಂದು ಜೋಡಿ ಆಲ್ಬಮ್ ಆದೀತು :-)

ನನಗೆ ಇದರಲ್ಲಿ ಕಿರಿಕಿರಿ ಆಗುವುದು ಬೈಗುಳಕ್ಕಲ್ಲ. ಸಂಗೀತ ಇಷ್ಟವಾಗದಿದ್ದರೆ ಬೈಯಲಿ ಬಿಡಿ. ಆದರೆ ಈ ಆಲ್ಬಮ್ಮನ್ನು ಬೈಯುವ ನಮ್ಮೂರಿನ ಹುಡುಗರಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯೂ ಪೂರ್ತಿ ಕೇಳಿದವರಲ್ಲ. 1974ರಲ್ಲಿ ಲಂಡನ್ನಿನಲ್ಲಿ ಯಾರಿಗೋ ಆಕಳಿಕೆ ಬಂತು, ಆ ಆಕಳಿಕೆಯನ್ನು ನಾವು ಇಲ್ಲಿ ಬೆಂಗಳೂರಿನಲ್ಲಿ ಕೂತು ಇವತ್ತಿಗೂ ಮುಂದುವರಿಸಿಕೊಂಡು ಬಂದಿದ್ದೇವೆ. ಸಾಲ ತಂದ ಬೇಸರ! ಅದರಲ್ಲೂ ತಮಾಷೆ ಏನೆಂದರೆ, ಈ ಆಲ್ಬಮ್ಮಿನ ಬೀಜ ಬಿದ್ದದ್ದೇ ನಮ್ಮ ಮನೆಯ ಕಪಾಟಿನಲ್ಲಿ ಇರುವಂಥ ಒಂದು ಪುಸ್ತಕದಿಂದ. ಅದನ್ನು ಸರಿಯಾಗಿ ಕೇಳಿಸಿಕೊಳ್ಳುವ ಅನುಕೂಲ ಯಾರಿಗಾದರೂ ಇದ್ದರೆ ನಮಗೇ ಇರಬೇಕಿತ್ತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಕೆಲವು ಹುಡುಗರಿಗೆ ಮೂರು ನಿಮಿಷದ ಹಾಡು ಸಾಕೆನಿಸದೇ ಹೋಯಿತು. ರಾಕ್‌ನ ಗಿಟಾರು ಡ್ರಮ್ಮುಗಳನ್ನೇ ಇಟ್ಟುಕೊಂಡು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಾಗೆ ದೊಡ್ಡ ಕಟ್ಟಡ ಕಟ್ಟಲು ಹೊರಟರು. ಕಿಂಗ್ ಕ್ರಿಮ್ಸನ್, ಜೆನೆಸಿಸ್, ಎಮರ್ಸನ್ ಲೇಕ್ ಅಂಡ್ ಪಾಮರ್, ಜೆಥ್ರೋ ಟಲ್, ಯೆಸ್... ಬೆಂಗಳೂರಿಗೆ ಇವರಲ್ಲಿ ಚೆನ್ನಾಗಿ ಪರಿಚಯ ಪಿಂಕ್ ಫ್ಲಾಯ್ಡ್ ಒಂದೇ. 2002ರಲ್ಲಿ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದಾಗ ಸೇರಿದ್ದ ಜನರನ್ನು ಕೇಳಿದರೆ ಅವರಲ್ಲಿ ಎಷ್ಟು ಮಂದಿ ಯೆಸ್ ಹೆಸರು ಕೇಳಿದ್ದರೋ ಏನೋ. ಫ್ಲಾಯ್ಡ್ ಬಗ್ಗೆ ನನಗೂ ಪ್ರೀತಿ ಇದೆ, ಆದರೆ ಅದಕ್ಕೆ ವಕೀಲರು ಬೇಕಿಲ್ಲ.

ಈಗ ಆ ಪುಸ್ತಕದ ಕಥೆ. 1973ರ ಮಾರ್ಚಿನಲ್ಲಿ ಬಿಲ್ ಬ್ರೂಫರ್ಡ್ ಮದುವೆ. ಬ್ರೂಫರ್ಡ್ ಯೆಸ್ ತಂಡದ ಹಳೆಯ ಡ್ರಮ್ಮರ್, 1972ರಲ್ಲೇ ಅದನ್ನು ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ್ದವನು. ಆ ಮದುವೆ ಊಟದಲ್ಲಿ ಯೆಸ್‌ನ ಗಾಯಕ ಜಾನ್ ಆಂಡರ್ಸನ್‌ಗೆ ಕ್ರಿಮ್ಸನ್ನಿನ ಇನ್ನೊಬ್ಬ ತಾಳವಾದ್ಯಗಾರ ಜೇಮಿ ಮ್ಯೂರ್ ಸಿಕ್ಕಿದ. ಮಾತಿಗೆ ಮಾತು ಬಂದು, ಮ್ಯೂರ್ ಅವನಿಗೆ ಪರಮಹಂಸ ಯೋಗಾನಂದರ 'ಯೋಗಿಯ ಆತ್ಮಕಥೆ' ಓದಲು ಹೇಳಿದ. ಯೋಗಾನಂದರಿಗೆ ರಾಕ್ ಲೋಕದ ನಂಟು ಹೊಸದೇನಲ್ಲ, 1967ರ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಹೊದಿಕೆಯ ಗುಂಪಿನಲ್ಲಿ ಅವರೂ ಅವರ ಗುರುಪರಂಪರೆಯೂ ಇದ್ದಾರೆ. ಮುಂದೆ ಯೆಸ್ ಜಪಾನ್ ಪ್ರವಾಸಕ್ಕೆ ಹೋದಾಗ ಟೋಕಿಯೋದ ಹೋಟೆಲಿನಲ್ಲಿ ಆಂಡರ್ಸನ್ ಈ ಪುಸ್ತಕ ಓದುತ್ತಾ ಒಂದು ಅಡಿಟಿಪ್ಪಣಿಯ ಹತ್ತಿರ ನಿಂತುಬಿಟ್ಟ. ಶಾಸ್ತ್ರಗಳಲ್ಲಿ ನಾಲ್ಕು ಬಗೆ: ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ಹೇಳುವ ಟಿಪ್ಪಣಿ ಅದು.

ಅಷ್ಟೇ. ಒಂದು ಅಡಿಟಿಪ್ಪಣಿಯಿಂದ ಎಂಬತ್ತು ಚಿಲ್ಲರೆ ನಿಮಿಷದ ಸಂಗೀತ! ನಮ್ಮಲ್ಲಿ ಪಿಎಚ್‌ಡಿ ಮಾಡುವವರೂ ಅಡಿಟಿಪ್ಪಣಿಯನ್ನು ಇಷ್ಟು ಗಂಭೀರವಾಗಿ ಓದುವುದಿಲ್ಲ.

ಆಂಡರ್ಸನ್ ಇದನ್ನು ಗಿಟಾರಿನ ಸ್ಟೀವ್ ಹೋವ್‌ಗೆ ಹೇಳಿದ. ಅಮೆರಿಕದ ಸವಾನ್ನಾ ಎಂಬ ಊರಿನ ಹೋಟೆಲಿನಲ್ಲಿ ಇಬ್ಬರೂ ಮೋಂಬತ್ತಿ ಹಚ್ಚಿಕೊಂಡು ಕೂತು ಬೆಳಗಾಗುವಷ್ಟರಲ್ಲಿ ನಾಲ್ಕೂ ಭಾಗಗಳ ಚೌಕಟ್ಟು ಹಾಕಿದರು ಅನ್ನುವುದು ಪ್ರಸಿದ್ಧ ಕಥೆ. ಆಮೇಲೆ ಅದನ್ನು ಹೊತ್ತುಕೊಂಡು ಹೋಗಿ ಉಳಿದ ಮೂವರ ಮುಂದೆ ಇಟ್ಟರು. ಬೇಸ್‌ನ ಕ್ರಿಸ್ ಸ್ಕ್ವೈರ್, ಬ್ರೂಫರ್ಡ್ ಜಾಗಕ್ಕೆ ಬಂದಿದ್ದ ಅಲನ್ ವೈಟ್, ಕೀಬೋರ್ಡಿನ ರಿಕ್ ವೇಕ್‌ಮನ್. ಇವರಲ್ಲಿ ವೇಕ್‌ಮನ್‌ಗೆ ಇದು ಮೊದಲ ದಿನದಿಂದಲೇ ರುಚಿಸಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಾಡುಗಳ ಹೆಸರು ನೋಡಿ. ಒಂದನೇ ಬದಿ 'ದಿ ರಿವೀಲಿಂಗ್ ಸೈನ್ಸ್ ಆಫ್ ಗಾಡ್', ಎರಡನೇದು 'ದಿ ರಿಮೆಂಬರಿಂಗ್', ಮೂರನೇದು 'ದಿ ಏನ್ಷಂಟ್', ನಾಲ್ಕನೇದು 'ರಿಚುಯಲ್'. ಇಂಗ್ಲಿಷ್ ಪತ್ರಿಕೆಯವರಿಗೆ ಇವು ಮಬ್ಬು ಮಬ್ಬಾದ, ಏನನ್ನೂ ಹೇಳದ ಹಿಪ್ಪಿ ಶೀರ್ಷಿಕೆಗಳು. ನಿಮಗೂ ನನಗೂ? ಶ್ರುತಿ ಅಂದರೆ ಕೇಳಿದ್ದು, ಪ್ರಕಟವಾದದ್ದು, ಅಂದರೆ 'ರಿವೀಲಿಂಗ್'. ಸ್ಮೃತಿ ಅಂದರೆ ನೆನೆದದ್ದು, ಅದೇ 'ರಿಮೆಂಬರಿಂಗ್'. ಪುರಾಣ ಅಂದರೆ ಹಳೆಯದು, 'ಏನ್ಷಂಟ್'. ತಂತ್ರ ಅಂದರೆ ಕ್ರಿಯೆ, ವಿಧಿ, 'ರಿಚುಯಲ್'. ಎಂಟನೇ ಕ್ಲಾಸಿನಲ್ಲಿ ಸಂಸ್ಕೃತ ತೆಗೆದುಕೊಂಡ ಹುಡುಗನಿಗೂ ಇದು ಹೊಳೆಯುತ್ತದೆ, ಲಂಡನ್ನಿನ ವಿಮರ್ಶಕನಿಗೆ ನಿಘಂಟು ಬೇಕು.

"ಅಯ್ಯೋ, ಬಿಳಿಯರು ನಮ್ಮ ವೇದ ಶಾಸ್ತ್ರ ಕದ್ದು ಏನೋ ಮಾಡಿದರು, ಅದಕ್ಕೆ ನೀನು ಬೇರೆ ಖುಷಿ ಪಡ್ತೀಯ" ಅಂತ ಕೇಳುವವರೂ ಇದ್ದಾರೆ. ಇದಕ್ಕೆ ಎದುರಾಗಿ, "ಆಹಾ, ಸನಾತನ ಧರ್ಮದ ಮಹಿಮೆ ನೋಡಿ" ಅಂತ ಎದೆ ಉಬ್ಬಿಸುವವರೂ ಸಿಗುತ್ತಾರೆ. ಎರಡೂ ಬೇಡ ಮಾರಾಯ್ರೆ. ಆಂಡರ್ಸನ್ ಶಾಸ್ತ್ರ ಓದಿ ಹಾಡು ಬರೆದವನಲ್ಲ, ಓದಿದ್ದೇನೆ ಅಂತ ಎಲ್ಲೂ ಹೇಳಿಕೊಂಡವನೂ ಅಲ್ಲ. ಸಾಹಿತ್ಯದಲ್ಲಿ ನೀವು ಉಪನಿಷತ್ತು ಹುಡುಕಿದರೆ ಏನೂ ಸಿಗುವುದಿಲ್ಲ. ತಬಲಾ ಇಲ್ಲ, ಓಂಕಾರವೂ ಇಲ್ಲ. ಅರವತ್ತರ ದಶಕದಲ್ಲಿ ಭಾರತದ ಹೆಸರು ಹೇಳಿಕೊಂಡು ರಾಕ್ ತಂಡಗಳು ಮಾಡಿದ ಊದುಬತ್ತಿ ವ್ಯಾಪಾರಕ್ಕೆ ಹೋಲಿಸಿದರೆ ಇದು ಎಷ್ಟೋ ಮರ್ಯಾದಸ್ಥ ಕೆಲಸ. ಅವನು ತೆಗೆದುಕೊಂಡದ್ದು ನಾಲ್ಕು ಪದಗಳನ್ನು, ಆ ಪದಗಳ ನಡುವಿನ ಒಂದು ಕ್ರಮವನ್ನು. ಮೊದಲು ಕೇಳುವುದು, ಆಮೇಲೆ ನೆನಪಿಡುವುದು, ಆಮೇಲೆ ಅದು ಹಳೆಯದಾಗುವುದು, ಕೊನೆಗೆ ಅದನ್ನು ಮಾಡುವುದು. ಶಂಕರರ ಮೇಲಿನ ಆ ಪ್ರಸಿದ್ಧ ಶ್ಲೋಕದಲ್ಲಿ ಮೊದಲ ಮೂರೂ ಒಟ್ಟಿಗೆ ಬರುತ್ತವೆ. ಅದನ್ನು ಬಾಯಿಪಾಠ ಮಾಡಿದ ನಮಗೆ ಈ ಕ್ರಮ ಬರಿಯ ಪಟ್ಟಿ. ಅದು ಒಂದು ಸಂಗೀತ ಕೃತಿಯ ಆಕಾರವೂ ಆಗಬಹುದು ಅಂತ ನಮಗೆ ಹೊಳೆದಿರಲಿಲ್ಲ, ಅವನಿಗೆ ಹೊಳೆಯಿತು.

ಸರಿ, ಕಟ್ಟಡದ ನಕ್ಷೆ ಚೆನ್ನಾಗಿದೆ. ಮನೆ ಹೇಗಿದೆ?

ಒಂದನೇ ಬದಿಗೆ ವಕೀಲರೇ ಬೇಡ. ಬೈಯುವವರೂ ಇದನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಆಂಡರ್ಸನ್ ಒಬ್ಬನೇ ಮಂತ್ರ ಹೇಳುವ ಹಾಗೆ ಒಂದೇ ಏರಿಳಿತದಲ್ಲಿ ಪದಗಳನ್ನು ಹೇಳುತ್ತಾ ಶುರು ಮಾಡುತ್ತಾನೆ. ಅವನ ದನಿಯ ಮೇಲೆ ಇನ್ನಷ್ಟು ದನಿಗಳು ಸೇರುತ್ತವೆ, ಅಡಿಯಲ್ಲಿ ವಾದ್ಯಗಳು ಒಂದೊಂದಾಗಿ ಏಳುತ್ತವೆ, ಆಮೇಲೆ ಇಡೀ ತಂಡ ಒಮ್ಮೆಲೇ ಬಾಗಿಲು ತೆರೆದಂತೆ ಬರುತ್ತದೆ. 2003ರ ಮರುಮುದ್ರಣದಲ್ಲಿ ಇದಕ್ಕೂ ಮುಂಚೆ ಎರಡು ನಿಮಿಷದ ಒಂದು ಪೀಠಿಕೆ ಸೇರಿಸಿದ್ದಾರೆ, ಅದು ಎಲ್‌ಪಿಯಲ್ಲಿ ಇರಲಿಲ್ಲ. ನನಗೆ ಪೀಠಿಕೆ ಇಲ್ಲದ್ದೇ ಇಷ್ಟ. ಕೊನೆಯ ಕಡೆಗೆ ವೇಕ್‌ಮನ್ ಮೂಗ್ ಸಿಂಥಸೈಜರಿನಲ್ಲಿ ಒಂದು ಸೋಲೋ ನುಡಿಸುತ್ತಾನೆ ನೋಡಿ, ಈ ಆಲ್ಬಮ್ ತನಗೆ ಇಷ್ಟವಿಲ್ಲ ಅಂದವನು ನುಡಿಸಿದ್ದು ಅದು! ಇಷ್ಟವಿಲ್ಲದೆ ಹೀಗೆ ನುಡಿಸುವವನು ಇಷ್ಟಪಟ್ಟು ನುಡಿಸಿದ್ದರೆ ಏನು ಗತಿ.

ಜಗಳ ಇರುವುದು ಎರಡನೇ ಬದಿಯಲ್ಲಿ. 'ದಿ ರಿಮೆಂಬರಿಂಗ್' ನಿಧಾನ. ತುಂಬಾ ನಿಧಾನ. ಮೆಲೊಟ್ರಾನಿನ ಮಂಜು ಕವಿದ ಹಾಗೆ ಇರುತ್ತದೆ, ಹಾಡು ಎಲ್ಲಿಗೂ ಹೋಗುತ್ತಿಲ್ಲ ಅನ್ನಿಸುತ್ತದೆ. ಮೆಲೊಟ್ರಾನ್ ಅಂದರೆ ಒಂದೊಂದು ಕೀಲಿಗೂ ಒಂದೊಂದು ಟೇಪಿನ ತುಂಡು ಕಟ್ಟಿದ ವಾದ್ಯ. ಕೀಲಿ ಒತ್ತಿದರೆ ಮುಂಚೆಯೇ ಧ್ವನಿಮುದ್ರಿಸಿದ ಪಿಟೀಲುಗಳ ಅಥವಾ ಕೊಳಲಿನ ಸ್ವರ ಓಡುತ್ತದೆ, ಏಳೆಂಟು ಸೆಕೆಂಡಿಗೆ ಟೇಪು ಮುಗಿದು ಸ್ವರವೂ ನಿಲ್ಲುತ್ತದೆ. ಅಂದರೆ ನೀವು ಕೇಳುತ್ತಿರುವುದು ಪಿಟೀಲಲ್ಲ, ಎಂದೋ ಯಾರೋ ನುಡಿಸಿದ ಪಿಟೀಲಿನ ನೆನಪು. ಸ್ಮೃತಿ ಎಂಬ ಹೆಸರಿನ ಬದಿಗೆ ಇದಕ್ಕಿಂತ ಒಪ್ಪುವ ವಾದ್ಯ ಇದೆಯೇ? ಬೇಕೆಂತಲೇ ಹೀಗೆ ಆರಿಸಿದರು ಅಂತ ನಾನು ವಾದಿಸುವುದಿಲ್ಲ, ಮೆಲೊಟ್ರಾನ್ ಆಗ ಎಲ್ಲರೂ ಬಳಸುತ್ತಿದ್ದರು. ಆದರೆ ಕಿವಿಗೆ ಬೀಳುವುದು ಹಾಗೆಯೇ. ಈ ಬದಿಯ ಸಾಹಿತ್ಯದಲ್ಲಿ ಬರುವ 'ರಿಲೇಯರ್' ಎಂಬ ಪದವನ್ನೇ ಅವರು 1974ರ ಮುಂದಿನ ಆಲ್ಬಮ್ಮಿಗೆ ಹೆಸರಾಗಿ ಇಟ್ಟರು. ಅಂದರೆ ಈ ಬದಿ ಅವರಿಗೇನೂ ಬೇಡವಾದ ಮಗುವಾಗಿರಲಿಲ್ಲ.

ಹಾಗಂತ ಸುಳ್ಳು ಹೇಳಲಾರೆ. ಎರಡನೇ ಬದಿಯ ನಡುವೆ ನಾಲ್ಕೈದು ನಿಮಿಷ ಕತ್ತರಿಸಿ ಎಸೆದರೂ ಯಾರೂ ಪೊಲೀಸ್ ಕಂಪ್ಲೇಂಟ್ ಕೊಡುವುದಿಲ್ಲ. ಪ್ರವಾಸ ಮುಂದುವರಿದ ಹಾಗೆ ಅವರೇ ಕೆಲವು ಕಚೇರಿಗಳಲ್ಲಿ ಈ ಬದಿಯನ್ನು ಕೈಬಿಟ್ಟರು. ವೇಕ್‌ಮನ್ ಮೊದಲಿನಿಂದ ಹೇಳಿಕೊಂಡು ಬಂದ ದೂರೂ ಅದೇ: ಒಂದು ಎಲ್‌ಪಿಗೆ ಹೆಚ್ಚು, ಎರಡು ಎಲ್‌ಪಿಗೆ ಕಡಿಮೆ ಸಾಮಗ್ರಿ ಇತ್ತು, ಹಾಗಾಗಿ ಹಿಗ್ಗಿಸಿದೆವು ಅಂತ. ಇದರಲ್ಲಿ ನಿಜ ಇದೆ. ಎಲ್‌ಪಿಯ ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷ ಅನ್ನುವುದು ಶಾಸ್ತ್ರವೂ ಹೇಳಿದ್ದಲ್ಲ, ಸಂಗೀತವೂ ಹೇಳಿದ್ದಲ್ಲ, ಪ್ಲಾಸ್ಟಿಕ್ ಹೇಳಿದ್ದು. ಗೆರೆಗಳನ್ನು ಇನ್ನೂ ಒತ್ತೊತ್ತಾಗಿ ಕೊರೆದರೆ ಸದ್ದು ಸಣ್ಣದಾಗುತ್ತದೆ. ನಾಲ್ಕು ಶಾಸ್ತ್ರ, ನಾಲ್ಕು ಬದಿ ಅಂತ ಒಮ್ಮೆ ತೀರ್ಮಾನಿಸಿದ ಮೇಲೆ ಸ್ಮೃತಿಗೆ ಹದಿನಾಲ್ಕು ನಿಮಿಷವೇ ಸಾಕು ಅನ್ನಿಸಿದರೂ ಇಪ್ಪತ್ತಕ್ಕೆ ಎಳೆಯಬೇಕು. ಪದ್ಯದ ಪಾದ ತುಂಬಲು ನಮ್ಮ ಕವಿಗಳು ಸೇರಿಸುವ ಪಾದಪೂರಣದ ಹಾಗೆ.

ಉದ್ದದ ವಿಷಯಕ್ಕೇ ಬಂದೆವಲ್ಲ. "ಇಪ್ಪತ್ತು ನಿಮಿಷದ ಹಾಡಾ?" ಅಂತ ಬಾಯಿ ಬಿಡುವ ಹಕ್ಕು ಯಾರಿಗಾದರೂ ಇರಲಿ, ನಮಗಂತೂ ಇಲ್ಲ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ರಾಗ ತಾನ ಪಲ್ಲವಿಗೆ ಒಂದು ಗಂಟೆ ಕೂತು ತಲೆದೂಗುವವರು ನಾವು. ಧಾರವಾಡದ ಕಡೆಯವರಿಗೆ ವಿಲಂಬಿತದ ಬಡಾ ಖ್ಯಾಲ್ ಮುಕ್ಕಾಲು ಗಂಟೆ ಅಂದರೆ ಏನೂ ಅಲ್ಲ. ಕರಾವಳಿಯಲ್ಲಿ ರಾತ್ರಿ ಊಟ ಮುಗಿಸಿ ಹೋದವರು ಬೆಳಗಿನ ಮಂಗಳದವರೆಗೆ ಯಕ್ಷಗಾನ ನೋಡಿದ ಕಾಲ ದೂರದ್ದೇನಲ್ಲ. ಉದ್ದ ಅನ್ನುವುದೇ ಅಪರಾಧ ಅನ್ನುವ ಮಾತು ಮೂರು ನಿಮಿಷದ ರೇಡಿಯೋ ಹಾಡಿನ ಮನೆಯಿಂದ ಬಂದದ್ದು.

ಆದರೆ ಈ ಹೋಲಿಕೆಯನ್ನು ತುಂಬಾ ದೂರ ಎಳೆಯಬಾರದು. (ನನ್ನ ಪಕ್ಷದ ವಕೀಲರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.) ಕಲ್ಯಾಣಿಯ ಆಲಾಪನೆ ಎಷ್ಟೇ ಉದ್ದವಾದರೂ ಕೇಳುವವನಿಗೆ ತಾನು ಎಲ್ಲಿದ್ದೇನೆ ಅನ್ನುವುದು ಗೊತ್ತಿರುತ್ತದೆ. ಷಡ್ಜ ಎಲ್ಲಿದೆ, ಗಾಯಕ ಅಲ್ಲಿಂದ ಎಷ್ಟು ದೂರ ಹೋದ, ಈಗ ವಾಪಸು ಬರುತ್ತಾನೆ ಅನ್ನುವ ಅಂದಾಜು ನಮ್ಮ ರಕ್ತದಲ್ಲೇ ಇರುತ್ತದೆ. ಅದಕ್ಕೆ ರಾಗದ ವ್ಯಾಕರಣ ಇದೆ, ತಂಬೂರಿಯ ಶ್ರುತಿ ಇದೆ. (ಜಾನ್ ಆಂಡರ್ಸನ್‌ನ ಶ್ರುತಿ ಬೇರೆ, ತಂಬೂರಿಯ ಶ್ರುತಿ ಬೇರೆ, ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಅನ್ನುವುದು ಅವನಿಗೆ ಗೊತ್ತಾಗಿದ್ದರೆ ಇನ್ನೊಂದು ಜೋಡಿ ಎಲ್‌ಪಿ ಬರುತ್ತಿತ್ತು.) 'ಟೇಲ್ಸ್'ನಲ್ಲಿ ಅಂಥ ಕೈಹಿಡಿಕೆ ಮೊದಲ ಸಲಕ್ಕೆ ಸಿಗುವುದಿಲ್ಲ. ನೀವೇ ಹುಡುಕಿಕೊಳ್ಳಬೇಕು. ಮೂರು ನಾಲ್ಕು ಸಲ ಕೇಳಿದ ಮೇಲೆ ಒಂದು ಗಿಟಾರಿನ ತುಣುಕು ಇನ್ನೊಂದು ಬದಿಯಲ್ಲಿ ವೇಷ ಮರೆಸಿಕೊಂಡು ಬಂದದ್ದು ಗುರುತು ಸಿಗುತ್ತದೆ. ನಾಲ್ಕನೇ ಬದಿಯ ಶುರುವಿನಲ್ಲಿ ಹಿಂದಿನ ಬದಿಗಳ ರಾಗಗಳು ಮತ್ತೆ ತಲೆ ಹಾಕುತ್ತವೆ. ಅಲ್ಲಿಯವರೆಗೆ ತಾಳ್ಮೆ ಇಲ್ಲದವನಿಗೆ ಇದು ಗೊಂದಲವಾಗಿಯೇ ಕೇಳುತ್ತದೆ, ಅದಕ್ಕೆ ಅವನನ್ನು ದೂರುವಂತಿಲ್ಲ.

ಈಗ ಯೋಚಿಸಿ. 1973ರ ನವೆಂಬರಿನಲ್ಲಿ ಯೆಸ್ ಬ್ರಿಟನ್ ಪ್ರವಾಸ ಶುರು ಮಾಡಿತು. ಆಲ್ಬಮ್ ಅಂಗಡಿಗೆ ಬರುವುದು ಡಿಸೆಂಬರಿಗೆ. ಅಂದರೆ ಟಿಕೆಟ್ ಕೊಂಡು ಬಂದ ಜನ ಈ ಸಂಗೀತದ ಒಂದು ಸ್ವರವನ್ನೂ ಮುಂಚೆ ಕೇಳಿರಲಿಲ್ಲ. ಅವರ ಮುಂದೆ ನಾಲ್ಕೂ ಬದಿಗಳನ್ನು ಒಂದಾದ ಮೇಲೆ ಒಂದರಂತೆ ನುಡಿಸಿದರು! ಇದು ಧೈರ್ಯವೋ ಮೂರ್ಖತನವೋ ನೀವೇ ಹೇಳಿ. ಈ ಆಲ್ಬಮ್ಮಿನ ಕೆಟ್ಟ ಹೆಸರಿಗೆ ಸಂಗೀತಕ್ಕಿಂತ ಹೆಚ್ಚಾಗಿ ಈ ಕ್ಯಾಲೆಂಡರ್ ಕಾರಣ ಅನ್ನುವುದು ನನ್ನ ಗುಮಾನಿ. ಆದರೂ ಬ್ರಿಟನ್ನಿನಲ್ಲಿ ಮುಂಗಡ ಬೇಡಿಕೆಯಿಂದಲೇ ಅದಕ್ಕೆ ಗೋಲ್ಡ್ ಡಿಸ್ಕ್ ಬಂತು, ಅಲ್ಲಿ ಎರಡು ವಾರ ಒಂದನೇ ಸ್ಥಾನದಲ್ಲಿತ್ತು, ಅಮೆರಿಕದಲ್ಲಿ ಆರನೇ ಸ್ಥಾನದವರೆಗೆ ಹೋಯಿತು. ಜನ ಕೊಳ್ಳದ ಆಲ್ಬಮ್ ಅಲ್ಲ ಇದು. ಕೊಂಡವರು ಹೊರಗೆ ಹೇಳಿಕೊಳ್ಳದ ಆಲ್ಬಮ್.

ವೇಕ್‌ಮನ್ ಕಥೆ ಹೇಳುತ್ತೇನೆ ಅಂದಿದ್ದೆ. ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ. ಹಳ್ಳಿಯಲ್ಲಿ ಮುದ್ರಿಸೋಣ ಅಂತ ಕೆಲವರಿಗೆ ಆಸೆ, ಆಗಲಿಲ್ಲ. ಹಾಗಾಗಿ ಸ್ಟುಡಿಯೋದ ಒಳಗೇ ಹುಲ್ಲಿನ ಹೊರೆ, ಮರದ ಬೇಲಿ, ರಟ್ಟಿನ ಹಸು ಎಲ್ಲಾ ತಂದಿಟ್ಟರಂತೆ. ಆಂಡರ್ಸನ್‌ಗೆ ಬಚ್ಚಲಮನೆಯಲ್ಲಿ ಹಾಡಿದ ಹಾಗೆ ಕೇಳಿಸಬೇಕಿತ್ತು, ಟೈಲ್ಸ್ ಹಾಕಿದ ಒಂದು ಗೂಡನ್ನೂ ಕಟ್ಟಿಸಿಕೊಂಡ. ಪಕ್ಕದ ಸ್ಟುಡಿಯೋದಲ್ಲಿ ಬ್ಲ್ಯಾಕ್ ಸಬ್ಬತ್ ಕೆಲಸ ಮಾಡುತ್ತಿತ್ತು. ರಟ್ಟಿನ ಹಸು ನೋಡಿ ನೋಡಿ ಬೇಸತ್ತ ವೇಕ್‌ಮನ್ ಅಲ್ಲಿಗೆ ಹೋಗಿ ಅವರ 'ಸಬ್ರಾ ಕಡಾಬ್ರಾ' ಹಾಡಿಗೆ ಕೀಬೋರ್ಡ್ ನುಡಿಸಿ ಬಂದ. ಇನ್ನು ಪ್ರವಾಸದಲ್ಲಿ, ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್ ಕಚೇರಿಯಲ್ಲಿ, ವಾದ್ಯಗಳ ಹಿಂದೆ ಕೂತಿದ್ದ ಸಹಾಯಕ "ರಾತ್ರಿ ಊಟಕ್ಕೇನು?" ಅಂತ ಕೇಳಿದನಂತೆ. ಇವನು ಹೇಳಿದ. ಸಹಾಯಕ ಅದನ್ನು ಈಗಲೇ ಬೇಕು ಅಂತ ತಿಳಿದು ಹೋಗಿ ಕಟ್ಟಿಸಿಕೊಂಡು ಬಂದೇಬಿಟ್ಟ. ಚಿಕನ್ ವಿಂದಾಲೂ, ಪಲಾವು, ಹಪ್ಪಳ, ಬೆಂಡೆಕಾಯಿ ಪಲ್ಯ... ಎಲ್ಲವನ್ನೂ ಕೀಬೋರ್ಡಿನ ಮೇಲೇ ಹರಡಿಕೊಂಡ. ವಾಸನೆ ಹಿಡಿದು ಬಂದ ಆಂಡರ್ಸನ್ ಒಂದು ಹಪ್ಪಳ ಮುರಿದುಕೊಂಡು ಹೋದ ಅಂತಲೂ ವೇಕ್‌ಮನ್ ಹೇಳುತ್ತಾನೆ.

ಇದು ಭಯಂಕರ ತಮಾಷೆಯ ಕಥೆ, ವೇಕ್‌ಮನ್ ಹೇಳುವ ರೀತಿಯೂ ಚೆನ್ನ. ಶ್ರುತಿ ಸ್ಮೃತಿ ಪುರಾಣಗಳ ನಡುವೆ ಬೆಂಡೆಕಾಯಿ ಪಲ್ಯ! ಆದರೆ ನೋಡಿ, ಈ ಕಥೆ ಎಷ್ಟು ಚೆನ್ನಾಗಿದೆಯೆಂದರೆ ಅದು ಆಲ್ಬಮ್ಮನ್ನೇ ತಿಂದು ಹಾಕಿತು. 'ಟೇಲ್ಸ್' ಬಗ್ಗೆ ಯಾರು ಬರೆದರೂ ವಿಂದಾಲೂ ಬಂದೇ ಬರುತ್ತದೆ (ನಾನೂ ಬರೆದೆನಲ್ಲ). ತಂಡದ ಐವರಲ್ಲಿ ಒಬ್ಬನಿಗೆ ಇಷ್ಟವಾಗಲಿಲ್ಲ, ಆ ಒಬ್ಬ ಒಳ್ಳೆಯ ಮಾತುಗಾರ. 1974ರಲ್ಲಿ ಅವನು ತಂಡ ಬಿಟ್ಟ, ಅದೇ ವರ್ಷ ಅವನ ಸ್ವಂತ 'ಜರ್ನಿ ಟು ದ ಸೆಂಟರ್ ಆಫ್ ದಿ ಅರ್ತ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರಲ್ಲಿ ಇರುವುದು ಏನು ಗೊತ್ತೇ? ಆರ್ಕೆಸ್ಟ್ರಾ, ಗಾಯಕವೃಂದ, ಕಥೆ ಓದುವ ನಿರೂಪಕ. ಅತಿಯಾಯ್ತು ಅಂತ ಒಂದು ತಂಡ ಬಿಟ್ಟು ಹೋದವನು ಮಾಡಿದ ಸರಳ ಸಂಗೀತ ಅದು :-) ಹೋವ್, ಸ್ಕ್ವೈರ್, ವೈಟ್ ಮಾತು ಕಡಿಮೆ. ವಾಚಾಳಿಯ ಸಾಕ್ಷ್ಯ ಮಾತ್ರ ದಾಖಲೆಯಾಯಿತು.

ಮೂರನೇ ಬದಿಗೆ ಬನ್ನಿ. ಇದು ಅತ್ಯಂತ ಒರಟು. ಮೊದಲ ಹನ್ನೆರಡು ನಿಮಿಷ ಹೋವ್ ಸ್ಟೀಲ್ ಗಿಟಾರ್ ಹಿಡಿದು ಕಿರುಚಿಸುತ್ತಾನೆ, ಕೆಳಗೆ ವೈಟ್‌ನ ತಾಳ ಕುಂಟುತ್ತಾ ಓಡುತ್ತದೆ. ಆಂಡರ್ಸನ್ ಸೂರ್ಯನಿಗೆ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾನೆ. ಅದರಲ್ಲಿ ಹಿಂದಿಯ 'ಧೂಪ್' ಕೂಡ ಇದೆ. ಹಿಂದಿಯಲ್ಲಿ ಅದು ಸೂರ್ಯನೂ ಅಲ್ಲ, ಬರೀ ಬಿಸಿಲು. ಕನ್ನಡದ ಕಿವಿಗಂತೂ ನೇರ ದೇವರಮನೆಯ ಧೂಪ! ನಗು ಬರುತ್ತದೆ, ಬರಲಿ. ಆದರೆ ಈ ಗಲಾಟೆಯೆಲ್ಲ ನಿಂತ ಮೇಲೆ ಹೋವ್ ಒಂದು ಅಕೂಸ್ಟಿಕ್ ಗಿಟಾರ್ ಎತ್ತಿಕೊಂಡು ನುಡಿಸುತ್ತಾನೆ, ಅದರ ಮೇಲೆ ಆಂಡರ್ಸನ್ ಮೆಲ್ಲಗೆ ಹಾಡುತ್ತಾನೆ. ಮಳೆ ನಿಂತ ಮೇಲೆ ಹೆಂಚಿನಿಂದ ಹನಿ ಬೀಳುವುದು ಕೇಳಿಸುತ್ತದಲ್ಲ, ಹಾಗೆ. ಬರೀ ಈ ಭಾಗವನ್ನು ಬಿಡಿಸಿ ಕೇಳುವವರಿದ್ದಾರೆ, ತಂಡವೂ ಮುಂದೆ ಅದನ್ನಷ್ಟೇ ಬಿಡಿಸಿ ನುಡಿಸಿದ್ದಿದೆ. ನನಗೆ ಅದು ಸರಿ ಕಾಣುವುದಿಲ್ಲ. ಮೊದಲ ಹನ್ನೆರಡು ನಿಮಿಷ ನೆನೆಯದವನಿಗೆ ಹನಿ ಬೀಳುವುದು ಏನು ಕೇಳೀತು?

ನಾಲ್ಕನೇ ಬದಿಯ ಬಗ್ಗೆ ಹೆಚ್ಚು ಬರೆದರೆ ಕೆಡುತ್ತದೆ. ಉಪಶೀರ್ಷಿಕೆ ಫ್ರೆಂಚಿನದು, ನಾವು ಸೂರ್ಯನವರು ಅಂತ ಅರ್ಥ. ಸ್ಕ್ವೈರ್ ತನ್ನ ಬೇಸನ್ನು ಮುಖ್ಯ ವಾದ್ಯದ ಹಾಗೆ ನುಡಿಸುವ ಒಂದು ಭಾಗ ಇದೆ. ಆಮೇಲೆ ತಾಳವಾದ್ಯಗಳ ಹೊಡೆತ. ವೇದಿಕೆಯ ಮೇಲೆ ಇದನ್ನು ಮಾಡುವಾಗ ಆಂಡರ್ಸನ್, ಸ್ಕ್ವೈರ್ ಕೂಡ ತಮ್ಮ ಕೆಲಸ ಬಿಟ್ಟು ಡ್ರಮ್ಮು ಬಾರಿಸಲು ನಿಲ್ಲುತ್ತಿದ್ದರು. ಚಂಡೆ ಕೇಳಿ ಬೆಳೆದವರಿಗೆ ಈ ಭಾಗ ಅಷ್ಟೇನೂ ಪರದೇಶಿ ಅನ್ನಿಸುವುದಿಲ್ಲ. ಆ ಹೊಡೆತ ಮುಗಿದು ಒಂದು ತೀರಾ ಸರಳ ಹಾಡು ಬರುತ್ತದೆ, ಮನೆಗೆ ಹೋಗುವವನ ಹಾಡು. ಎಪ್ಪತ್ತು ನಿಮಿಷ ಕಾದು ಪಡೆದದ್ದು. ಸ್ಕ್ವೈರ್ 2015ರಲ್ಲಿ ಹೋದ, ವೈಟ್ 2022ರಲ್ಲಿ. ಇಬ್ಬರ ನೆನಪಿಗೂ ನಾನು ಹಾಕಿಕೊಂಡು ಕೇಳಿದ್ದು ಈ ಬದಿಯನ್ನೇ.

ಬೈಸಿಕೊಂಡದ್ದು ಇದೊಂದೇ ಅಲ್ಲ. ಅದೇ 1973ರ ಜುಲೈನಲ್ಲಿ ಜೆಥ್ರೋ ಟಲ್ 'ಎ ಪ್ಯಾಶನ್ ಪ್ಲೇ' ತಂದಿತು. ಸತ್ತ ಮನುಷ್ಯನೊಬ್ಬ ಪರಲೋಕದಲ್ಲಿ ತಿರುಗಾಡುವ ಕಥೆ, ಇಡೀ ಆಲ್ಬಮ್ ಒಂದೇ ಹಾಡು, ನಡುವೆ ಕನ್ನಡಕ ಕಳೆದುಕೊಂಡ ಮೊಲದ ಒಂದು ವಿಚಿತ್ರ ಕಥೆ ಬೇರೆ. ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿತು, ಪತ್ರಿಕೆಗಳು ಚಿಂದಿ ಮಾಡಿದವು. ಮೊಲದ ಕಥೆ ನನಗೂ ಸಹಿಸಲಾಗುವುದಿಲ್ಲ. ಉಳಿದದ್ದರಲ್ಲಿ ಇಯಾನ್ ಆಂಡರ್ಸನ್ ಕೊಳಲಿನ ಜತೆ ಸ್ಯಾಕ್ಸೊಫೋನನ್ನೂ ಹಿಡಿದು ಹೆಣೆದಿರುವ ನೇಯ್ಗೆ ಇದೆಯಲ್ಲ, ಎಲ್ಲರೂ ಹೊಗಳುವ 'ಅಕ್ವಲಂಗ್'ನಲ್ಲೂ ಅಷ್ಟು ದಟ್ಟ ಇಲ್ಲ.

ಇನ್ನೊಂದು ಕಿಂಗ್ ಕ್ರಿಮ್ಸನ್‌ನ 'ಲಿಜರ್ಡ್', 1970ರದ್ದು. ಇದನ್ನು ಬೈದವರಲ್ಲಿ ಮೊದಲಿಗ ಅದನ್ನು ಮಾಡಿದ ರಾಬರ್ಟ್ ಫ್ರಿಪ್ಪನೇ! ಗಾಯಕ ಗಾರ್ಡನ್ ಹ್ಯಾಸ್ಕೆಲ್, ಡ್ರಮ್ಮರ್ ಆಂಡಿ ಮೆಕಲಕ್ ಇಬ್ಬರೂ ಆಲ್ಬಮ್ ಮುಗಿಯುತ್ತಲೇ ಹೊರಟುಹೋದರು, ಆ ತಂಡ ಒಂದೇ ಒಂದು ಕಚೇರಿಯನ್ನೂ ಕೊಡಲಿಲ್ಲ. ಹ್ಯಾಸ್ಕೆಲ್ ಒಂದು ಹಾಡಿನ ಕೊನೆಯಲ್ಲಿ ತಡೆಯಲಾರದೆ ನಗುವುದು ಹಾಗೆಯೇ ಮುದ್ರಣವಾಗಿ ಉಳಿದಿದೆ. ಕೀತ್ ಟಿಪ್ಪೆಟ್‌ನ ಜ್ಯಾಜ್ ಪಿಯಾನೋ, ಓಬೋ, ಕಾರ್ನೆಟ್, ಟ್ರಾಂಬೋನ್ ಎಲ್ಲ ಸೇರಿ ಜಾತ್ರೆಯ ಹಾಗಿದೆ. ಎರಡನೇ ಬದಿ ಪೂರ್ತಿ ಇಪ್ಪತ್ತಮೂರು ನಿಮಿಷದ ಒಂದೇ ಕೃತಿ, ಅದರ ಮೊದಲ ಭಾಗ ಹಾಡಿದ್ದು ಯಾರು ಅಂತೀರಿ? ಯೆಸ್‌ನ ಅದೇ ಜಾನ್ ಆಂಡರ್ಸನ್. 2009ರ ಸುಮಾರಿಗೆ ಸ್ಟೀವನ್ ವಿಲ್ಸನ್ ಮೂಲ ಟೇಪುಗಳನ್ನು ತೆಗೆದುಕೊಂಡು ಹೊಸದಾಗಿ ಮಿಕ್ಸ್ ಮಾಡಿದ ಮೇಲೆ ಫ್ರಿಪ್ ಕೂಡ ಇದರಲ್ಲಿ ಸಂಗೀತ ಇದೆ ಅಂತ ಒಪ್ಪಿಕೊಂಡ. ಅದೇ ವಿಲ್ಸನ್ ಮುಂದೆ 'ಎ ಪ್ಯಾಶನ್ ಪ್ಲೇ'ಗೂ, 2016ರಲ್ಲಿ 'ಟೇಲ್ಸ್'ಗೂ ಕೈ ಹಾಕಿದ. ಸ್ವರ ಒಂದೂ ಬದಲಾಗಿಲ್ಲ, ಕೆಸರು ತೊಳೆದ ಹಾಗಾಗಿದೆ ಅಷ್ಟೇ. ನಲವತ್ತು ವರ್ಷ ಬೈದದ್ದು ಸಂಗೀತಕ್ಕೋ ಮಿಕ್ಸಿಂಗಿಗೋ ಅಂತ ಸಂಶಯ ಬರುತ್ತದೆ.

ಬೈಸಿಕೊಂಡದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ ಮತ್ತೆ. ಎಮರ್ಸನ್ ಲೇಕ್ ಅಂಡ್ ಪಾಮರ್ ತಂಡದ 1978ರ 'ಲವ್ ಬೀಚ್' ಇದೆ. ಅಂಗಿಯ ಗುಂಡಿ ಬಿಚ್ಚಿಕೊಂಡು ಮೂವರೂ ಸಮುದ್ರತೀರದಲ್ಲಿ ನಿಂತ ಆ ಹೊದಿಕೆ ನೋಡಿದರೆ ಒಳಗಿನದ್ದನ್ನು ಕೇಳಬೇಕಿಲ್ಲ, ಕೇಳಿದರೂ ಅಭಿಪ್ರಾಯ ಬದಲಾಗುವುದಿಲ್ಲ. ಯೆಸ್‌ನದ್ದೇ 1991ರ 'ಯೂನಿಯನ್' ಇನ್ನೊಂದು. ಹಳೆಯವರು ಹೊಸಬರು ಸೇರಿ ಎಂಟು ಜನರ ಹೆಸರು, ನುಡಿಸಿದ್ದರಲ್ಲಿ ಬಾಡಿಗೆ ವಾದಕರದ್ದೂ ಸಾಕಷ್ಟು. ವೇಕ್‌ಮನ್ ಅದನ್ನು 'ಆನಿಯನ್' ಅಂತ ಕರೆದ, ಕಣ್ಣೀರು ಬರುತ್ತದೆ ಅಂತ. ಈ ಸಲ ನಾನು ಪೂರ್ತಿ ಅವನ ಪಕ್ಷ. ಈ ಎರಡರಲ್ಲೂ ಯಾರಿಗೂ ಏನೂ ಬೇಕಾಗಿರಲಿಲ್ಲ, ಕಂಪನಿಗೆ ಒಂದು ಆಲ್ಬಮ್ ಬೇಕಿತ್ತು. 'ಟೇಲ್ಸ್'ನಲ್ಲಿ ಬೇಕು ಅನ್ನುವುದು ಹೆಚ್ಚಾಯಿತು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ 'ಪ್ರೋಗ್‌ನ ಅವನತಿ' ಅಂತ ಚೀಟಿ ಅಂಟಿಸುವವರ ಮೇಲೆಯೇ ನನ್ನ ಕೋಪ.

ಹಾಂ, ಪಂಕ್. ಪ್ರೋಗ್ ಸತ್ತದ್ದು ಪಂಕ್‌ನಿಂದ, ಪಂಕ್ ಹುಟ್ಟಿದ್ದು 'ಟೇಲ್ಸ್'ನಿಂದ ಅನ್ನುವ ಪುರಾಣವೂ ಒಂದಿದೆ. ಸೆಕ್ಸ್ ಪಿಸ್ಟಲ್ಸ್‌ನ ಜಾನಿ ರಾಟನ್ ಪಿಂಕ್ ಫ್ಲಾಯ್ಡ್ ದ್ವೇಷಿಸುತ್ತೇನೆ ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ತಿರುಗಿದ ಫೋಟೋ ಎಲ್ಲರೂ ನೋಡಿದ್ದಾರೆ. ಅದೇ ರಾಟನ್ 1977ರಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ತನ್ನ ಮೆಚ್ಚಿನ ಹಾಡುಗಳನ್ನು ಹಾಕಿದಾಗ ಅದರಲ್ಲಿ ಪೀಟರ್ ಹ್ಯಾಮಿಲ್‌ನ ಹಾಡುಗಳಿದ್ದವು. ಹ್ಯಾಮಿಲ್ ಯಾರು? ವ್ಯಾನ್ ಡರ್ ಗ್ರಾಫ್ ಜನರೇಟರ್ ಎಂಬ ಅಪ್ಪಟ ಪ್ರೋಗ್ ತಂಡದ ಗಾಯಕ. ಪಂಕ್‌ನವರು ಕೇಳಿಯೇ ಬೈಯುತ್ತಿದ್ದರು ಸ್ವಾಮಿ, ನಾವು ಟೀ ಶರ್ಟ್ ನೋಡಿ ಬೈಯುತ್ತೇವೆ.

ಕೇಳಬೇಕು ಅನ್ನಿಸಿದವರಿಗೆ ಒಂದೇ ಕಿವಿಮಾತು. 'ಟೇಲ್ಸ್'ನ ನಾಲ್ಕು ಬದಿಗಳನ್ನು ಒಂದೇ ಏಟಿಗೆ ಕೇಳಬೇಡಿ. ಎಲ್‌ಪಿ ಕಾಲದಲ್ಲಿ ಬದಿ ತಿರುಗಿಸಲು ಏಳಲೇಬೇಕಿತ್ತು, ಆ ಬಿಡುವು ಕೃತಿಯ ಭಾಗವೇ ಆಗಿತ್ತು. ಇದು ಒಂದು ಸಿಡಿಯಲ್ಲಿ ಹಿಡಿಸುವುದಿಲ್ಲ, ಎರಡಾಗಿಯೇ ಬಂದದ್ದು ಪುಣ್ಯ. ಈಗ ಫೋನಿನಲ್ಲಿ ತಾನಾಗಿ ಮುಂದಿನದ್ದಕ್ಕೆ ಹಾರುತ್ತದೆ, ಅದನ್ನು ನಿಲ್ಲಿಸಿ. ಮೊದಲ ದಿನ ಒಂದನೇ ಬದಿ. ಮರುದಿನ ನಾಲ್ಕನೇದು. ಮೂರನೇದನ್ನು ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿ, ಇಲ್ಲವಾದರೆ "ಏನದು ಗಲಾಟೆ" ಅಂತ ಅಡುಗೆಮನೆಯಿಂದ ಕೂಗು ಬರುತ್ತದೆ. ಎರಡನೇದನ್ನು ಕೊನೆಗೆ ಇಡಿ, ರಾತ್ರಿ ಎಲ್ಲರೂ ಮಲಗಿದ ಮೇಲೆ, ಸಣ್ಣ ಸದ್ದಿನಲ್ಲಿ. ನಿದ್ದೆ ಬಂದರೆ ಬರಲಿ.